ಸೊಸೆಯ ಕೈಗುಣ

ಮಾವನ ಕೋಣೆ ತಂಪಾಗಿರಲೆಂದು ಕಿಟಕಿಗೆ ಕಟ್ಟಿದ್ದ ಲಾವಂಚದ ತಟ್ಟಿಯ ಮೇಲೆ, ಗಂಡ ಕೂರಿಸಿದ ಪೈಪಿನಿಂದ ನೀರು ತಾನಾಗಿಯೇ ತೊಟ್ಟಿಕ್ಕತೊಡಗಿತು. ಹೊರಗೆ ಬಿಸಿಲಲ್ಲಿ ನಿಂತಿದ್ದ ಸೊಸೆ ಖಾಲಿ ಚೊಂಬನ್ನು ಬೋರಲು ಹಾಕಿದಳು. ಇನ್ನು ಮಧ್ಯಾಹ್ನವಿಡೀ ತಟ್ಟಿಗೆ ನೀರೆರಚುತ್ತಾ ಕಾಯಬೇಕಿಲ್ಲ. ಬೆಳಗ್ಗೆ ತಾನು ಎಲ್ಲರೆದುರು ಹೇಳಿದ್ದಂತೆ, ನಾಳೆಯಿಂದಲೇ ಹೊಲಿಗೆ ಅಂಗಡಿಯ ಕೆಲಸಕ್ಕೆ ಹೋಗಬಹುದು.

"ಯಾಕೋ ತಂಪೇ ಆಗ್ತಿಲ್ಲ ಕಣೋ," ಒಳಗಿನಿಂದ ಮಾವನ ದನಿ ಬಂತು. "ನಮ್ಮ ಸೊಸೆ ಕೈಗುಣ ಆ ಪೈಪಿಗೆ ಎಲ್ಲಿಂದ ಬರಬೇಕು?"

ಗಂಡ ಉಬ್ಬಿಹೋದ. ಹೊರಗೆ ಬಂದವನು ತಾನೇ ಕೂರಿಸಿದ ನಲ್ಲಿಯನ್ನು ತಾನೇ ತಿರುಗಿಸಿ ನಿಲ್ಲಿಸಿದ. "ಕೇಳಿಸ್ತೇನೇ? ಅಪ್ಪ ಯಾರನ್ನೂ ಹೀಗೆ ಹೊಗಳಿದವರಲ್ಲ!"

ಅವಳು ಚೊಂಬಿಗೆ ನೀರು ತುಂಬಿದಳು. ಎರಚುವ ಮುನ್ನ ತಟ್ಟಿಯ ಸಂದಿನಿಂದ ಒಳಗೆ ಇಣುಕಿದಳು. ಮಾವ ಚಳಿಗೆ ಮುದುಡಿಕೊಂಡು, ಹೊದಿಕೆಯನ್ನು ಕತ್ತಿನವರೆಗೂ ಎಳೆದುಕೊಂಡಿದ್ದರು.