ಅಂಗೈಯ ಕೆಂಪು ನೀರು

ಗಾಳಿ ಕಂಪ್ರೆಸರಿನ ಹಳೇ ಟ್ಯಾಂಕು ಸಿಡಿದು ಗುರುಬಸಮ್ಮನ ತಮ್ಮ ಸತ್ತ ದಿನ, ಇನ್ನು ಇಂಥ ಹಳೇದನ್ನು ಮನೆ ಮುಂದಿನ ಗ್ಯಾರೇಜಿಗೆ ತರುವುದಿಲ್ಲವೆಂದು ಗಂಡ ಬೆನಕಪ್ಪ ಅವಳ ಕೈ ಹಿಡಿದು ಮಾತು ಕೊಟ್ಟಿದ್ದ. ಅದಾಗಿ ಹನ್ನೆರಡು ವರ್ಷ. ಈಗ ಕೊಟ್ಟೂರಿನ ಗುಜರಿ ಅಂಗಡಿಯಲ್ಲಿ ನೀಲಿ ಬಣ್ಣ ಬಳಿದ ಟ್ಯಾಂಕಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಅದರ ತಳದಲ್ಲಿ ನೀರು ಬಿಡುವ ತಿರುಪನ್ನು ಸಡಿಲಿಸಿದ. ಅಂಗೈ ತುಂಬ ಇಟ್ಟಿಗೆ ಬಣ್ಣದ ನೀರು. ಒಳಗೆಲ್ಲ ತುಕ್ಕು ತಿಂದಿತ್ತು.

"ವಯಸ್ಸಾದ್ರ ನಾವೂ ನೀವೂ ಸೋರ್ತೀವಿ, ಬಿಡ್ರಿ," ಅಂದ ಅಂಗಡಿಯವನು. "ಹೊಸದು ಬೇಕಂದ್ರ ಇದರ ಮೂರು ಪಟ್ಟು ರೊಕ್ಕ ತರ್ರಿ."

ಇದ್ದ ಕಂಪ್ರೆಸರು ಕೆಟ್ಟು ಗ್ಯಾರೇಜು ಮುಚ್ಚಿ ತಿಂಗಳಾಗಿತ್ತು. ಮನೆಯಲ್ಲಿ ಜೋಳದ ಚೀಲದ ತಳ ಕಾಣುತ್ತಿತ್ತು. ಅಷ್ಟರಲ್ಲಿ ಗುರುಬಸಮ್ಮನ ಫೋನು ಬಂತು.

"ಸಿಕ್ತೇನ್ರಿ? ವಾಣಿಶ್ರೀ ಆಗಲೇ ಜಾಗ ಗುಡಿಸ್ಯಾಳ. ಗಾಲಿಗೆ ಗಾಳಿ ಹೊಡಿಯೋ ಕೆಲಸ ಇನ್ನ ನಂದು, ಅಪ್ಪ ಕುಂತು ಚಾ ಕುಡೀಲಿ ಅಂತಾಳ ನಿಮ್ಮ ಮಗಳು. ಹೊಸದೇ ಹೌದಲ್ರಿ?"

ಬೆನಕಪ್ಪ ಅಂಗೈಯನ್ನು ಪ್ಯಾಂಟಿಗೆ ಒರೆಸಿದ.

"ಬಣ್ಣ ಇನ್ನೂ ಆರಿಲ್ಲ, ಅಷ್ಟು ಹೊಸದು."

ತಿರುಪು ಬಿಗಿ ಮಾಡಿ, ಅಂಗಡಿಯವನ ಜೊತೆ ಕೈಜೋಡಿಸಿ ಟ್ಯಾಂಕನ್ನು ಆಟೋಕ್ಕೆ ಏರಿಸಿದ. ಕೊಟ್ಟ ಮಾತು ಅಲ್ಲಿಗೆ ಮುರಿಯಿತು.