ಜರಡಿ ಹಿಡಿದ ವೈರ್‌ಲೆಸ್

"ಎಲ್ಲಿದ್ದೀನಿ ಅಂತಾನೇ ಗೊತ್ತಾಗ್ತಿಲ್ಲ ಸಾರ್," ಎಂದು ಹೊಸ ವೈರ್‌ಲೆಸ್ ಸೆಟ್ಟಿನಲ್ಲಿ ಆಂಬುಲೆನ್ಸ್ ಡ್ರೈವರ್ ಜಯಪ್ರಕಾಶನ ದನಿ ಬಂತು. ದನಿ ಎಷ್ಟು ಸ್ವಚ್ಛವಾಗಿತ್ತೆಂದರೆ, ಅವನು ಉಗುಳು ನುಂಗಿದ್ದೂ ಕೇಳಿಸಿತು.

"ನೋಡಿದ್ರಾ ಕ್ಲಾರಿಟಿ!" ಎಂದ ಕಂಪನಿಯ ಇಂಜಿನಿಯರ್ ರಾಜೀವ್. ಮೂಡಿಗೆರೆಯ ಕಂಟ್ರೋಲ್ ರೂಮಿನಲ್ಲಿ ಅಂದು ಬೆಳಿಗ್ಗೆಯಷ್ಟೇ ಹೊಸ ಸೆಟ್ಟಿಗೆ ಕುಂಕುಮ ಹಚ್ಚಿ, ಹಾರ ಹಾಕಿ, ಹಳೆಯದನ್ನು ಗೋಣಿಚೀಲಕ್ಕೆ ತುಂಬಿ ಸಾಗಹಾಕಲಾಗಿತ್ತು. ಹಳೆಯದರಲ್ಲಿ ಮಾತಿನ ಜೊತೆ ಮಳೆ, ಗಾಳಿ, ಜೀರುಂಡೆ ಎಲ್ಲವೂ ಬರುತ್ತಿದ್ದವು. ಹೊಸದು ಮನುಷ್ಯರ ದನಿಯೊಂದನ್ನು ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಜರಡಿ ಹಿಡಿದು ಬಿಸಾಡುತ್ತಿತ್ತು. ಗಾಡಿ ಎಲ್ಲಿದೆಯೆಂದು ತೋರಿಸುವ ನಕ್ಷೆ ಎರಡನೆಯ ಹಂತದಲ್ಲಿ ಬರುವುದಿತ್ತು. ಮೊದಲನೆಯ ಹಂತದಲ್ಲಿ, ಆಪತ್ತಿಗೆ ಸಿಕ್ಕವರು ತಾವೆಲ್ಲಿದ್ದೇವೆಂದು ತಾವೇ ತಿಳಿದುಕೊಂಡಿರಬೇಕಿತ್ತು.

ಜಯಪ್ರಕಾಶ ಕಡೂರು ಕಡೆಯವನು. ಕೆಲಸಕ್ಕೆ ಸೇರಿ ಎಂಟು ದಿನ. ಉಬ್ಬಸ ಕೆರಳಿದ ಜೊಹರಾಬಿಯವರನ್ನು ಕಳಸದಿಂದ ಕರೆತರುತ್ತಿದ್ದ. ದೊಡ್ಡ ರಸ್ತೆ ಕುಸಿದಿದ್ದರಿಂದ ಎಸ್ಟೇಟ್ ದಾರಿಗೆ ಇಳಿದಿದ್ದ. ಈಗ ಮುಂದೆ ಬಿದ್ದ ಮರ, ಸುತ್ತ ಮಂಜು, ಸಿಲಿಂಡರಿನಲ್ಲಿ ಮುಕ್ಕಾಲು ಗಂಟೆಯ ಆಕ್ಸಿಜನ್. ಮರ ಕೊಯ್ಯುವವರು ಬಣಕಲ್ಲಿನಲ್ಲಿ ಜೀಪು ಹತ್ತಿ ಕೂತಿದ್ದರು. ಆದರೆ ಎಸ್ಟೇಟ್ ದಾರಿಗಳು ಮೂರು. ತಪ್ಪು ದಾರಿ ಹಿಡಿದರೆ ತಿರುಗಿ ಬರಲಿಕ್ಕೇ ಒಂದು ಗಂಟೆ.

"ಸುಮ್ನಿರು ಮಾರಾಯ. ಬಟನ್ ಒತ್ತಿ ಹಿಡ್ಕೊ, ಮಾತಾಡ್ಬೇಡ. ನಾನು ಕೇಳ್ತೇನೆ," ಎಂದು ಆಪರೇಟರ್ ಏಕಾಂತಪ್ಪ ಕಣ್ಣು ಮುಚ್ಚಿದರು. ಇಪ್ಪತ್ತಾರು ವರ್ಷ ಅವರು ಆ ಕುರ್ಚಿಯಲ್ಲಿ ಕೂತು ಗಾಡಿಗಳನ್ನು ಹುಡುಕಿದ್ದು ಹಾಗೆಯೇ. ಪದ್ಯದ ಮೊದಲ ಪಾದ ಕಿವಿಗೆ ಬಿದ್ದರೆ ಉಳಿದದ್ದನ್ನು ತಾವೇ ಹೇಳಿಬಿಡುವವರಿರುತ್ತಾರಲ್ಲ, ಹಾಗೆ ಅವರು ಹಿನ್ನೆಲೆಯ ನೀರಿನ ಸದ್ದು ಕೇಳಿ ತಿರುವು ಹೇಳುತ್ತಿದ್ದರು.

ಸೆಟ್ಟಿನಿಂದ ಏನೂ ಬರಲಿಲ್ಲ. ದೇವರ ಕೋಣೆಯಲ್ಲೂ ಅಷ್ಟು ನಿಶ್ಶಬ್ದ ಇರುವುದಿಲ್ಲ.

"ಆ ಜರಡಿ ಒಂಚೂರು ತೆಗೀರಿ ಸಾರ್."

"ತೆಗೆಯೋಕೆ ಬೆಂಗಳೂರಿಂದ ಪಾಸ್‌ವರ್ಡ್ ಬರ್ಬೇಕು ಏಕಾಂತಪ್ಪನವ್ರೇ. ಮೇಲ್ ಹಾಕಿದ್ರೆ ಎರಡು ವರ್ಕಿಂಗ್ ಡೇ."

"ಆಗ್ಲಿ. ಜೊಹರಾಬಿಯವ್ರಿಗೆ ಹೇಳ್ತೇನೆ, ಅಲ್ಲೀವರೆಗೆ ಉಸಿರು ಹಿಡ್ಕೊಂಡಿರಿ ಅಂತ. ನಾಳೆ ಭಾನುವಾರ, ಅದನ್ನೂ ಸೇರಿಸಿ ಹೇಳ್ತೇನೆ."

ಅವರು ಮೈಕಿನತ್ತ ಬಗ್ಗಿದರು. "ಜಯಪ್ರಕಾಶ, ಅಲ್ಲಿ ಏನು ಕೇಳ್ತದೆ?"

"ನೀರು ಸಾರ್."

"ಹೇಗೆ ಬೀಳ್ತದೆ? ಬಾಯಲ್ಲಿ ಮಾಡು."

ಜಯಪ್ರಕಾಶ ನಾಚುತ್ತಲೇ ಮಾಡಿದ, "ಜುಳು... ಜುಳು..."

"ಅದು ಒಂದನೇ ಕ್ಲಾಸಿನ ಪುಸ್ತಕದ ನೀರು. ನಿನ್ನ ಹತ್ರ ಇರೋದನ್ನ ಹೇಳು ಮಾರಾಯ."

"ಧೋ... ಧೋ..."

"ಅದು ಮಳೆ. ಇಲ್ಲೂ ಬರ್ತಾ ಉಂಟು."

"ಇದು ಎಮರ್ಜೆನ್ಸಿ ಚಾನೆಲ್," ಎಂದು ರಾಜೀವ್ ಪಿಸುಗುಟ್ಟಿದ. "ಎಲ್ಲಾ ರೆಕಾರ್ಡ್ ಆಗ್ತಿದೆ!"

ಅಷ್ಟರಲ್ಲಿ ಗಾಡಿಯ ಹಿಂದಿನಿಂದ ಹೆಂಗಸಿನ ದನಿಯೊಂದು ಏದುಸಿರು ಬಿಡುತ್ತ ಬಂತು. ಜೊಹರಾಬಿ ಮಾಸ್ಕ್ ಸರಿಸಿದ್ದರು. "ಹಾಗಲ್ಲ... ಮಗಾ. ಡೊಂಯ್... ಡೊಂಯ್... ಚಳ್."

ಮನುಷ್ಯರ ಬಾಯಿಂದ ಬಂದ ಸದ್ದಾದ್ದರಿಂದ ಯಂತ್ರ ಅದನ್ನು ಮರ್ಯಾದೆಯಿಂದ ಒಳಗೆ ಬಿಟ್ಟಿತು.

"ಸಾಕಮ್ಮ, ಸಾಕು! ಮಾಸ್ಕ್ ಹಾಕ್ಕೊಳ್ಳಿ," ಎಂದು ಏಕಾಂತಪ್ಪ ಕಣ್ಣು ತೆರೆದರು. ಬಣಕಲ್ಲಿನವರಿಗೆ ಕೂಗಿ ಹೇಳಿದರು: "ನಡುವಿನ ದಾರಿ! ಮೋರಿ ಪಕ್ಕದ ಟಾರ್ ಡ್ರಮ್ಮಿನ ತಿರುವು. ಹೊರಡಿ!" ಮೂರು ವರ್ಷದ ಹಿಂದೆ ಕಂಟ್ರಾಕ್ಟರೊಬ್ಬ ಬಿಟ್ಟುಹೋದ ಖಾಲಿ ಡ್ರಮ್ ಅಲ್ಲಿ ಬೋರಲು ಬಿದ್ದಿತ್ತು. ಬಂಡೆಯಿಂದ ಇಳಿಯುವ ನೀರು ಗಾಳಿಗೆ ಓಲಾಡಿ ಎರಡು ಸಲ ಅದರ ಬೆನ್ನಿಗೆ ಬಡಿದು, ಮೂರನೆಯ ಸಲ ಪಕ್ಕದ ಕೆಸರಿಗೆ ಬೀಳುತ್ತಿತ್ತು.

ಮೂವತ್ತೈದು ನಿಮಿಷಕ್ಕೆ ದಾರಿ ತೆರೆಯಿತು. ಸಂಜೆ ಆಸ್ಪತ್ರೆಯ ಮಂಚದ ಮೇಲೆ ಉಸಿರು ಹದಕ್ಕೆ ಬಂದ ಜೊಹರಾಬಿ ಮೊದಲು ಹೇಳಿದ್ದು, "ಆ ಡ್ರೈವರಿಗೆ ನೆಟ್ಟಗೆ ನೀರಿನ ಸದ್ದೂ ಬರೋದಿಲ್ಲ," ಎಂದು.

ರಾಜೀವನ ವರದಿ ಮೇಲಕ್ಕೆ ಹೋಯಿತು. 'ಮೊದಲ ದಿನವೇ ಹೊಸ ವ್ಯವಸ್ಥೆಯಿಂದ ಜೀವರಕ್ಷಣೆ. ಗದ್ದಲ: ಶೂನ್ಯ. ಆಪರೇಟರಿಗೆ ತರಬೇತಿ ಅಗತ್ಯ.' ಕೊನೆಯಲ್ಲಿ, ರಸ್ತೆ ಬದಿಯಲ್ಲಿ ಹಳೆಯ ಡ್ರಮ್ಮೊಂದು ಬಿದ್ದಿದೆ ಎಂಬ ಸಾಲೂ ಇತ್ತು. ಊರವರ ಐದು ಅರ್ಜಿಗಳಿಗೆ ಅಲುಗಾಡದ ಡ್ರಮ್ಮನ್ನು ಮೂರೇ ದಿನದಲ್ಲಿ ಎತ್ತಿಸಿ, ನೀರು ಸಲೀಸಾಗಿ ಹರಿಯುವಂತೆ ಮೋರಿಯನ್ನೂ ಚೊಕ್ಕ ಮಾಡಿಸಿ, ಫೋಟೋ ತೆಗೆಸಿ ಫೈಲಿಗೆ ಅಂಟಿಸಲಾಯಿತು.

ಮರುವಾರ ದೊಡ್ಡ ರಸ್ತೆ ಇನ್ನೂ ಕುಸಿದೇ ಇತ್ತು. ಮತ್ತೆ ಮಂಜು, ಮತ್ತೆ ಮರ, ಮತ್ತೆ ಜಯಪ್ರಕಾಶ. ಹಿಂದೆ ಎದೆನೋವಿನ ಬಸವರಾಜಪ್ಪ.

"ಎಲ್ಲಿದ್ದೀಯ ಮಾರಾಯ?"

"ಗೊತ್ತಿಲ್ಲ ಸಾರ್. ಆದ್ರೆ ಈ ಸಲ ಗಾಡಿಯಿಂದ ಇಳಿದು ಹತ್ತಿರ ಹೋಗಿ ಕೇಳಿದ್ದೀನಿ. ಸರಿಯಾಗಿ ಮಾಡ್ತೀನಿ."

ಏಕಾಂತಪ್ಪ ಕಣ್ಣು ಮುಚ್ಚಿದರು. ಹೊಸ ಸೆಟ್ಟಿನಲ್ಲಿ ಒಂದಿಷ್ಟೂ ಗದ್ದಲವಿಲ್ಲದೆ, ಪಕ್ಕದಲ್ಲೇ ನಿಂತು ಹೇಳಿದಷ್ಟು ಸ್ವಚ್ಛವಾಗಿ ದನಿ ಬಂತು:

"ಜುಳು... ಜುಳು... ಜುಳು..."