ಕಪ್ ನಮ್ಮದಾಗಿದ್ದ ಹೊತ್ತು

"ಪತ್ತಿಕೊಂಡದಾಗ ಮ್ಯಾಚ್ ಡ್ರಾ ಆಗೈತಂತ! ಕಪ್ ನಮ್ದೇ!" ಎಂದು ಯಾರೋ ಕೂಗಿದ್ದೇ ತಡ, ಆದವಾನಿಯ ಹುಡುಗಿಯರೆಲ್ಲ ಮೈದಾನದ ನಡುವೆ ಕುಣಿಯತೊಡಗಿದರು. ತಮ್ಮ ಪಂದ್ಯವನ್ನು ಅವರು ಆಗಲೇ ಗೆದ್ದಾಗಿತ್ತು. ಅತ್ತ ಪತ್ತಿಕೊಂಡದ ತಂಡ ಗೆಲ್ಲದಿದ್ದರೆ ಫುಟ್‌ಬಾಲ್ ಲೀಗಿನ ಕಪ್ ಇವರದೇ. ಗೋಲ್‌ಕೀಪರ್ ನಾಗಜ್ಯೋತಿಯೂ ಗ್ಲೌಸ್ ಬಿಚ್ಚುತ್ತ ಅವರ ಕಡೆ ಹೊರಟಿದ್ದಳು. ಅಷ್ಟರಲ್ಲಿ ಗೋಲಿನ ಹಿಂದೆ ನಿಂತಿದ್ದ ಗಂಡ ಸುಂಕೇಶ ಕರೆದ. ಅವನ ಕಿವಿಯಲ್ಲಿ ಫೋನ್ ಇತ್ತು.

"ಜ್ಯೋತಿ, ನಮ್ಮ ತಮ್ಮ ಅಲ್ಲೇ ಅದಾನ. ಡ್ರಾ ಅಲ್ಲಂತ. ಕಡೀ ನಿಮಿಷದಾಗ ಅವ್ರು ಗೋಲ್ ಹೊಡದಾರ. ಕಪ್ ಅವ್ರಿಗೇ ಹೋತು. ಹೋಗಿ ಹೇಳು."

ನಾಗಜ್ಯೋತಿ ತಿರುಗಿ ನೋಡಿದಳು. ಹುಡುಗಿಯರು ಕೋಚ್ ಬಸಲಿಂಗಮ್ಮ ಮೇಡಂ ಅವರನ್ನು ಎತ್ತಿ ಹಿಡಿದಿದ್ದರು. "ಇಳಸ್ರೇ ನನ್ನ, ಬೀಳ್ತೀನಿ!" ಎಂದು ಮೇಡಂ ಕಿರುಚುತ್ತ ನಗುತ್ತಿದ್ದರು. ಅವರು ಹಾಗೆ ನಕ್ಕಿದ್ದನ್ನು ಅವಳು ಎಂದೂ ಕಂಡಿರಲಿಲ್ಲ.

"ಇನ್ನೊಂದಿಷ್ಟು ಕುಣೀಲಿ ಬಿಡು," ಎಂದಳು. ಮೈದಾನ ಇಷ್ಟು ದೊಡ್ಡದು ಎಂದು ಅವಳಿಗೆ ಅಲ್ಲಿಯವರೆಗೆ ಅನ್ನಿಸಿರಲಿಲ್ಲ.

ನಾಯಕಿ ಶಿರೀಷಾ ಓಡಿಬಂದು ಅವಳ ಕೊರಳಿಗೆ ಬಿದ್ದಳು. "ಅಕ್ಕಾ, ಗೆದ್ವಿ! ಒಬ್ಬಾಕೀನ ಯಾಕ ನಿಂತಿ? ಬಾ!"

ನಾಗಜ್ಯೋತಿ ಹುಡುಗಿಯನ್ನು ಬಿಗಿಯಾಗಿ ಅಪ್ಪಿಕೊಂಡಳು. ಶಿರೀಷಾಳ ಹೆಗಲ ಮೇಲಿಂದ ಅವಳಿಗೆ ಎಲ್ಲ ಕಾಣುತ್ತಿತ್ತು. ಅಲ್ಲಿ ಯಾರಿಗೋ ಫೋನ್ ಬಂದಿತ್ತು. ಮೇಡಂ ಕೆಳಗಿಳಿದಿದ್ದರು. ಕುಣಿತ ನಿಂತಿತ್ತು.

"ಬಿಡಕ್ಕಾ, ಹೋಗೂಣು," ಎಂದು ಶಿರೀಷಾ ನಗುತ್ತ ಆ ಕಡೆ ತಿರುಗಲು ನೋಡಿದಳು. ನಾಗಜ್ಯೋತಿ ಬಿಡಲಿಲ್ಲ.